ಕಂಡದ್ದನ್ನೇ ಬರೆಯುವ ವಿದ್ಯೆ

ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನದೊಂದು ಅರಿಕೆ.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ತಾನು ಮುಂದೆ ಡಾಲ್ಫಿನ್ನುಗಳನ್ನೂ ತಿಮಿಂಗಿಲಗಳನ್ನೂ ಕುರಿತು ವ್ಯಾಸಂಗ ಮಾಡಬೇಕೆಂದು ಹೇಳಿದಳು. ಹೊರಮಾವಿನಲ್ಲಿ ಕೆರೆಯುಂಟೇ ಹೊರತು ಕಡಲಿಲ್ಲವೆಂದು ನಾನು ನಕ್ಕೆನು; ಆಕೆಯ ತಂದೆತಾಯಿಗಳೊಡನೆ ಸೇರಿ ಬೇರೆ ದಾರಿಗೆ ಹಚ್ಚಿದೆನು. ಆ ನಗೆ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಕಾಡುಪ್ರಾಣಿಗೆ ಹೆಜ್ಜೆಯ ಗುರುತುಂಟು. ನೀರಿನಲ್ಲಿ ಹೆಜ್ಜೆ ಉಳಿಯದು. ನಮ್ಮ ಕಾರವಾರದಲ್ಲಿ, ಕಾಳೀ ನದಿಯು ಕಡಲನ್ನು ಸೇರುವಲ್ಲಿ, ಗೂನುಬೆನ್ನಿನ ಡಾಲ್ಫಿನ್ನುಗಳಿರುತ್ತವೆ. ಉಸಿರಿಗಾಗಿ ಮೇಲೆದ್ದ ಕ್ಷಣಮಾತ್ರವೇ ಅವು ನಮಗೆ ಕಾಣುವುದು. ಇಂಥವನ್ನು ಎಣಿಸುವ ಬಗೆ ಹೇಗೆ? ಸಂಶೋಧಕರು ನಕ್ಷೆಯಲ್ಲಿ ಮೊದಲೇ ಗೆರೆಗಳನ್ನೆಳೆದು, ದೋಣಿಯನ್ನು ಆ ಗೆರೆಗಳ ಮೇಲೆಯೇ ಸಮವೇಗದಲ್ಲಿ ನಡೆಸುತ್ತಾರೆ. ಕಂಡ ಹೊತ್ತು, ದೂರ, ದಿಕ್ಕು, ಸಂಖ್ಯೆ, ಜೊತೆಯಲ್ಲಿ ಮರಿಯಿದೆಯೇ ಎಂಬುದು, ಇವೆಲ್ಲವನ್ನೂ ಕೂಡಲೇ ಬರೆದಿಡುತ್ತಾರೆ. ಏನೂ ಕಾಣದ ದಿನ ‘ಕಾಣಲಿಲ್ಲ’ ಎಂದು ಬರೆಯುವುದೂ ಅಷ್ಟೇ ಮುಖ್ಯ. ಆ ಒಂದು ಮಾತಿಲ್ಲದಿದ್ದರೆ ಕಡಲು ಬರಿದಾಯಿತೋ, ನೋಡುವವರೇ ಹೋಗಲಿಲ್ಲವೋ ತಿಳಿಯದು.

ಡಾಲ್ಫಿನ್ನಿನ ಬೆನ್ನಿನ ಈಜುರೆಕ್ಕೆಯಲ್ಲಿರುವ ಕಚ್ಚುಗಳೂ ಗಾಯದ ಗುರುತುಗಳೂ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಅವುಗಳ ಛಾಯಾಚಿತ್ರಗಳನ್ನು ವರ್ಷವರ್ಷಕ್ಕೂ ಹೋಲಿಸಿ ಒಂದೊಂದನ್ನೂ ಗುರುತಿಸುತ್ತಾರೆ. ತಿಮಿಂಗಿಲದ ಬಾಲವನ್ನೂ ಹೀಗೆಯೇ ನೋಡುವುದುಂಟು. 2000ರಿಂದ 2004ರವರೆಗೆ ತೆಗೆದ ಇಂಥ ಚಿತ್ರಗಳಿಂದಲೇ ಒಮಾನ್ ತೀರದ ಗೂನುಬೆನ್ನಿನ ತಿಮಿಂಗಿಲಗಳು ಸುಮಾರು 82 ಮಾತ್ರವೆಂದು ಅಂದಾಜು ಮಾಡಲಾಯಿತು. ಅಲ್ಲಿಯ ಲುಬಾನ್ ಎಂಬ ಹೆಣ್ಣು ತಿಮಿಂಗಿಲಕ್ಕೆ 2017ರಲ್ಲಿ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಯಂತ್ರವೊಂದನ್ನು ತೊಡಿಸಿದರು. ಅದು ಅರಬ್ಬೀ ಸಮುದ್ರವನ್ನು ದಾಟಿ ಗೋವೆಯ ಬಳಿಗೆ ಬಂದು, ನಮ್ಮ ಕರಾವಳಿಯ ಆಚೆಯ ನೀರಿನಲ್ಲಿ ಸಾಗಿ, ಭಾರತದ ದಕ್ಷಿಣದ ತುದಿಯವರೆಗೂ ಹೋಗಿ, ಮರುವರ್ಷ ಒಮಾನಿಗೆ ಮರಳಿತು. ಆ ಯಂತ್ರವಿಲ್ಲದಿದ್ದರೆ ಈ ಪಯಣವನ್ನು ಯಾರು ಅರಿಯುತ್ತಿದ್ದರು?

ದೋಣಿಯ ಕೆಲಸ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಪೋಷಕರು ಹೇಳಬಹುದು. ಚಿಲಿಕಾ ಸರೋವರದ ಇರಾವದಿ ಡಾಲ್ಫಿನ್ನುಗಳನ್ನು ಅಭ್ಯಸಿಸಿದ ದೀಪಾನಿ ಸುತಾರಿಯಾ ಅವರೂ, ಸಿಂಹಳದ ನೀಲಿ ತಿಮಿಂಗಿಲಗಳನ್ನು ಅಭ್ಯಸಿಸಿದ ಆಶಾ ಡಿ ವೋಸ್ ಅವರೂ ಸ್ತ್ರೀಯರೇ. ಬಿಸಿಲು, ಅಲೆ, ಹಣದ ಅಭಾವ, ಇವೆಲ್ಲವೂ ಉಂಟು. ಇವನ್ನು ಮರೆಮಾಚುವುದು ಸರಿಯಲ್ಲ. ಮಗಳ ಸುರಕ್ಷತೆಯನ್ನು ವಿಚಾರಿಸುವುದು ತಂದೆತಾಯಿಗಳ ಧರ್ಮ. ಆದರೆ ವಿಚಾರಿಸುವುದು ಬೇರೆ, ವಿಚಾರಿಸದೆಯೇ ಬೇಡವೆನ್ನುವುದು ಬೇರೆ.

ಈ ವಿದ್ಯೆಗೆ ಬೇಕಾದದ್ದು ಏನು? ತಾಳ್ಮೆ, ನೇಮ, ಕಂಡದ್ದಕ್ಕೆ ಒಂದನ್ನೂ ಕೂಡಿಸದೆ, ಒಂದನ್ನೂ ಕಳೆಯದೆ ಬರೆಯುವ ಪ್ರಾಮಾಣಿಕತೆ. ಇವನ್ನು ನಮ್ಮ ಮಕ್ಕಳು ಕೆರೆಯ ದಂಡೆಯಲ್ಲಿಯೇ ಕಲಿಯಬಹುದು. ಈ ವರ್ಷದಿಂದ ಶನಿವಾರದ ಬೆಳಿಗ್ಗೆ, ಹೊರಮಾವು ಅಗರದ ಕೆರೆಯ ಹಕ್ಕಿಗಳನ್ನು ಎಣಿಸಿ ಬರೆಯುವ ಪುಸ್ತಕವೊಂದನ್ನು ತೆರೆಯಬೇಕೆಂದು ಸಂಕಲ್ಪಿಸಿದ್ದೇನೆ. ಪೋಷಕರು ಅನುಮತಿಯನ್ನೂ, ಪೂರ್ವ ವಿದ್ಯಾರ್ಥಿನಿಯರು ತಮ್ಮ ಬಿಡುವಿನ ಒಂದೆರಡು ಗಂಟೆಗಳನ್ನೂ ದಯಪಾಲಿಸಬೇಕು.

ಅಂದು ನನ್ನಲ್ಲಿಗೆ ಬಂದ ಹುಡುಗಿಯು ಇದನ್ನು ಓದುವಳಾದರೆ, ಆ ಪುಸ್ತಕದ ಮೊದಲ ಪುಟವನ್ನು ಬರೆಯಲು ಅವಳೇ ಬರಲಿ.

— ಮುಖ್ಯೋಪಾಧ್ಯಾಯಿನಿ