ಸಮಾಧಿಯಿಂದೆದ್ದ ಪಿಟೀಲು

ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ: ಮೊದಲು ಸತ್ತವನು ಹೇಗಾದರೂ ತಿರುಗಿ ಬರಬೇಕು, ಸಾವಿನಾಚೆಯ ಗುಟ್ಟನ್ನು ಉಳಿದವನಿಗೆ ಹೇಳಬೇಕು. ಒಬ್ಬ ಸಾಯುತ್ತಾನೆ, ಹೇಳಿದಂತೆ ಬಂದೂ ಬರುತ್ತಾನೆ. ಆಚೆಯ ಲೋಕವನ್ನು ಕಂಡು ಮರಳುವ ಯೋಗ ನಿನಗೂ ಇದೆ ಎಂದು ಗೆಳೆಯನಿಗೆ ಭರವಸೆ ಕೊಡುತ್ತಾನೆ. ಆ ಭರವಸೆ ಅಕ್ಷರಶಃ ಈಡೇರುತ್ತದೆ. ತೆರಬೇಕಾದ ಬೆಲೆಯನ್ನು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ. ಫೆರ್ನಾಂದೊ ಮೆಂದೆಸ್ ನಿರ್ದೇಶಿಸಿದ, 1959ರಲ್ಲಿ ತೆರೆಕಂಡ ‘ಮಿಸ್ತೇರಿಯೊಸ್ ದೆ ಉಲ್ತ್ರಾತುಂಬಾ’ ಚಿತ್ರದ ಕಥೆಯಿದು. ಇಂಗ್ಲಿಷ್ ಪ್ರೇಕ್ಷಕರು ಇದನ್ನು ‘ಬ್ಲ್ಯಾಕ್ ಪಿಟ್ ಆಫ್ ಡಾಕ್ಟರ್ ಎಂ’ ಎಂದು ಬಲ್ಲರು. ಮೆಕ್ಸಿಕೋದ ಹುಚ್ಚು ವಿಜ್ಞಾನಿಗಳೂ ರಾಕ್ಷಸರೂ ನಡೆದು ಬಂದ ದಾರಿಯನ್ನು ಇಂದು ಹೊರಳಿ ನೋಡುವಾಗ ಈ ಒಪ್ಪಂದವೇ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ. ಆ ಚಿತ್ರಗಳೂ ಸತ್ತವು, ತಿರುಗಿಯೂ ಬಂದವು. ಬರುವಾಗ ಏನನ್ನು ತಂದವು, ಏನನ್ನು ಅಲ್ಲೇ ಬಿಟ್ಟುಬಂದವು ಎಂಬ ಲೆಕ್ಕವನ್ನು ಈಗಲಾದರೂ ಹಾಕಬೇಕು.

ಆರಂಭವೇ ಎರವಲು ಮನೆಯಲ್ಲಿ. 1930ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಹಗಲು ಬೆಲಾ ಲುಗೋಸಿಯ ಡ್ರಾಕುಲಾ. ಅದೇ ಸೆಟ್ಟಿನಲ್ಲಿ, ರಾತ್ರಿ ಪಾಳಿಯಲ್ಲಿ, ಸ್ಪ್ಯಾನಿಷ್ ಡ್ರಾಕುಲಾ. ಅದರ ನಾಯಕಿ ಮೆಕ್ಸಿಕೋದ ಲುಪಿತಾ ತೊವಾರ್. ಮೂರು ವರ್ಷ ಕಳೆಯುವಷ್ಟರಲ್ಲಿ ಭಯ ಸ್ವಂತ ಮನೆಗೆ ಬಂತು. 1933ರ ‘ಲಾ ಯೊರೋನಾ’ದಲ್ಲಿ ತನ್ನ ಕೂಸಿಗಾಗಿ ಅಳುತ್ತ ಅಲೆಯುವ ಜನಪದದ ಹೆಣ್ಣು ಪರದೆಗೆ ಏರಿದಳು. ಬೆನ್ನಿಗೇ ಫೆರ್ನಾಂದೊ ದೆ ಫುವೆಂತೆಸ್ ಅವರ ಮಠದ ಭೂತ, ಹುವಾನ್ ಬುಸ್ತಿಯೊ ಓರೊ ಅವರ ‘ದೋಸ್ ಮೋಂಹೆಸ್’. ವೈದ್ಯನೂ ಆಗಲೇ ಬಂದಿದ್ದ. 1936ರ ‘ಎಲ್ ಬವೂಲ್ ಮಕಾಬ್ರೊ’ದಲ್ಲಿ ಸಾಯುತ್ತಿರುವ ಹೆಂಡತಿಯನ್ನು ಉಳಿಸಿಕೊಳ್ಳಲು ಒಬ್ಬ ವೈದ್ಯ ಬೇರೆ ಹೆಣ್ಣುಮಕ್ಕಳ ರಕ್ತಕ್ಕೆ ಕೈಹಾಕುತ್ತಾನೆ. ಇಲ್ಲೊಂದು ಸೂಕ್ಷ್ಮವಿದೆ. ಯುರೋಪಿನ ಹುಚ್ಚು ವಿಜ್ಞಾನಿ ದೇವರಿಗೆ ಪೈಪೋಟಿ ಕೊಡಲು ಹೊರಟವನು. ಮೆಕ್ಸಿಕೋದವನು ಬಹುಪಾಲು ಸಂಸಾರಸ್ಥ. ಹೆಂಡತಿಗಾಗಿ, ಮಗನಿಗಾಗಿ, ಕಳೆದುಹೋದ ತನ್ನ ಮುಖಕ್ಕಾಗಿ ಕತ್ತರಿ ಹಿಡಿಯುತ್ತಾನೆ. 1953ರಲ್ಲಿ ಚಾನೊ ಉರುವೆತಾ ಮಾಡಿದ ‘ಎಲ್ ಮೋನ್ಸ್ತ್ರುವೊ ರೆಸುಸಿತಾದೊ’ದ ಶಸ್ತ್ರವೈದ್ಯ ವಿಕಾರ ಮುಖದ ಒಂಟಿ ಜೀವ. ತಾನು ಒಲಿದವಳನ್ನು ದಕ್ಕಿಸಿಕೊಳ್ಳಲು ಒಬ್ಬ ಸತ್ತ ಯುವಕನನ್ನು ಎಬ್ಬಿಸುತ್ತಾನೆ. ಎದ್ದವನು ಅವಳನ್ನೇ ಪ್ರೀತಿಸುತ್ತಾನೆ. ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ನಡುವೆ ನಲವತ್ತರ ದಶಕ ಕುದುರೆಯೇರಿ ಹಾಡುವ ಚಾರ್ರೊ ವೀರರದು, ಕಣ್ಣೀರಿನ ತಾಯಂದಿರದು. ಮೆಕ್ಸಿಕೋ ಸಿನಿಮಾದ ಸುವರ್ಣಯುಗ ಎಂದು ಹೆಸರಾದ ಆ ಕಾಲದಲ್ಲಿ ಭೂತಗಳಿಗೆ ಹಿತ್ತಿಲ ಬಾಗಿಲೇ ಗತಿಯಾಯಿತು. ಆ ಬೆಳಕು ಮಂಕಾಗುತ್ತ ಬಂದಾಗ, 1957ರಲ್ಲಿ, ಕತ್ತಲೆಯ ಕಸುಬು ಒಮ್ಮೆಲೇ ಕಣ್ತೆರೆಯಿತು. ಒಂದೇ ವರ್ಷ ಮೂರು ಚಿತ್ರಗಳು. ಒಂದು, ಮೆಂದೆಸ್ ಅವರ ‘ಎಲ್ ವಂಪೀರೊ’. ಹಳ್ಳಿಗಾಡಿನ ರೈಲು ನಿಲ್ದಾಣಕ್ಕೆ ಒಬ್ಬ ಹುಡುಗಿ ಬಂದಿಳಿಯುತ್ತಾಳೆ. ಅದೇ ರೈಲಿನಲ್ಲಿ ಹಂಗೇರಿಯ ಮಣ್ಣು ತುಂಬಿದ ಪೆಟ್ಟಿಗೆಯೂ ಇಳಿಯುತ್ತದೆ. ಪಾಳುಬಿದ್ದ ಜಮೀನ್ದಾರಿ ಮನೆ, ಮಂಜು, ಜೇಡರ ಬಲೆ. ನಡುವೆ ಕೋರೆಹಲ್ಲು ತೋರಿಸುವ ಕೌಂಟ್ ಲಾವುಡ್. ಆ ಪಾತ್ರದ ಹೆರ್ಮಾನ್ ರೊಬ್ಲೆಸ್ ಸ್ಪೇನಿನಲ್ಲಿ ಹುಟ್ಟಿ ಮೆಕ್ಸಿಕೋ ಸೇರಿದ್ದ ರಂಗನಟ. ಅದೇ ಅವರ ಮೊದಲ ಸಿನಿಮಾ. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಕ್ರಿಸ್ಟಫರ್ ಲೀ ಡ್ರಾಕುಲಾ ಆಗಿ ಬಂದದ್ದು ಮರುವರ್ಷ ಎಂಬುದನ್ನು ಮರೆಯಬಾರದು. ಎರಡನೆಯದು ರಫಾಯೆಲ್ ಪೋರ್ತಿಯೊ ಅವರ ‘ಲಾ ಮೋಮಿಯಾ ಅಸ್ತೇಕಾ’: ಪಿರಮಿಡ್ಡಿನೊಳಗೆ ಎದೆಕವಚವನ್ನು ಕಾಯುವ ಮಮ್ಮಿ, ಅದರ ಹಿಂದೆ ಬಿದ್ದ ಡಾಕ್ಟರ್ ಕ್ರುಪ್. ಮೂರನೆಯದು ಮತ್ತೆ ಮೆಂದೆಸ್ ಅವರದೇ ‘ಲದ್ರೋನ್ ದೆ ಕದಾವೆರೆಸ್’, ಅಂದರೆ ಹೆಣಗಳ್ಳ. ಕುಸ್ತಿ ಅಖಾಡದ ಬಾಗಿಲಲ್ಲಿ ಲಾಟರಿ ಟಿಕೆಟು ಮಾರುವ ಮುದುಕನೊಬ್ಬ ಇದ್ದಾನೆ. ಬಾಗಿದ ಬೆನ್ನು, ಎಲ್ಲರಿಗೂ ಬೇಕಾದವನು. ಅವನೇ ಕುಸ್ತಿಪಟುಗಳನ್ನು ಕದ್ದೊಯ್ದು ತಲೆಗೆ ಪ್ರಾಣಿಯ ಮೆದುಳು ಕೂರಿಸುವ ವಿಜ್ಞಾನಿ. ಅದೃಷ್ಟ ಮಾರುವವನೇ ಮೃತ್ಯು ಹಂಚುವವನು: ಇದಕ್ಕಿಂತ ಚುರುಕಾದ ವ್ಯಂಗ್ಯ ಆ ಕಾಲದ ಗಂಭೀರ ಚಿತ್ರಗಳಲ್ಲೂ ಹೆಚ್ಚಿಲ್ಲ.

ಆ ವರ್ಷವೇ ಏಕೆ ಎಂದು ಕೇಳಬೇಕಾದರೆ ಥಿಯೇಟರಿನ ಹೊರಗಿನ ಊರನ್ನು ನೋಡಬೇಕು. ಅದು ‘ಮೆಕ್ಸಿಕೋದ ಪವಾಡ’ ಎಂದು ಅರ್ಥಶಾಸ್ತ್ರಜ್ಞರು ಹಾಡಿ ಹೊಗಳಿದ ಕಾಲ. ರಾಜಧಾನಿಯಲ್ಲಿ ಹೊಸ ವಿಶ್ವವಿದ್ಯಾಲಯ ನಗರ ಎದ್ದಿತ್ತು. 1956ರಲ್ಲಿ 44 ಅಂತಸ್ತಿನ ಲ್ಯಾಟಿನ್ ಅಮೆರಿಕನ್ ಗೋಪುರ ಬಾಗಿಲು ತೆರೆದಿತ್ತು. ಮರುವರ್ಷದ ಜುಲೈನಲ್ಲಿ ಭೂಕಂಪವಾದಾಗ ಗೋಪುರ ಕುಸಿಯದೆ ನಿಂತಿತು. ಸ್ವಾತಂತ್ರ್ಯ ಸ್ತಂಭದ ತುದಿಯಲ್ಲಿದ್ದ ದೇವತೆ ಮಾತ್ರ ಕೆಳಗುರುಳಿ ಚೂರಾಯಿತು. ಎಂಜಿನಿಯರು ಗೆದ್ದ, ದೇವತೆ ಬಿದ್ದಳು. ಬಿಳಿ ಕೋಟು ತೊಟ್ಟವರು ನಾಡಿನ ನಾಳೆಯನ್ನು ಬರೆಯುತ್ತಾರೆ ಎಂದು ಸರ್ಕಾರವೂ ಪತ್ರಿಕೆಗಳೂ ಮಾತು ಕೊಡುತ್ತಿದ್ದ ಹೊತ್ತಿನಲ್ಲಿ, ಎರಡನೇ ದರ್ಜೆಯ ಥಿಯೇಟರುಗಳ ಅಗ್ಗದ ಚಿತ್ರಗಳು ಆ ಕೋಟಿನ ಮೇಲಿನ ರಕ್ತದ ಕಲೆಯನ್ನು ತೋರಿಸುತ್ತಿದ್ದವು. ಆಧುನಿಕ ಪ್ರಯೋಗಶಾಲೆ ಇರುವುದು ಹಳೆಯ ಹಸಿಯೆಂದಾದ, ಅಂದರೆ ಜಮೀನ್ದಾರಿ ಮನೆಯ, ನೆಲಮಾಳಿಗೆಯಲ್ಲಿ. ವಿಜ್ಞಾನಿಯ ಗುದ್ದಲಿಗೆ ಸಿಗುವುದು ಅಸ್ತೇಕ ಸಮಾಧಿ. ಕ್ರುಪ್ ಸರಣಿಯ ಮೂರನೇ ಚಿತ್ರದಲ್ಲಿ ತಗಡಿನ ಯಂತ್ರಮಾನವನನ್ನು ಕಟ್ಟಿ ಮಮ್ಮಿಯ ಮೇಲೆ ಬಿಡುತ್ತಾನೆ. ಸಾವಿರ ಸಲ ನಗೆಗೀಡಾದ ಆ ಕಾಳಗದಲ್ಲಿ ಯಂತ್ರ ನುಚ್ಚುನೂರಾಗುತ್ತದೆ, ಮಮ್ಮಿ ತನ್ನ ಕತ್ತಲೆಗೆ ಹಿಂದಿರುಗುತ್ತದೆ. ಹೂತಿಟ್ಟದ್ದು ಸತ್ತಿಲ್ಲ ಎಂಬ ಮಾತನ್ನು ಅಷ್ಟು ಸರಳವಾಗಿ ಇನ್ನಾರೂ ಆಡಿರಲಿಲ್ಲ.

ಈ ಪರಂಪರೆಯ ಅತ್ಯಂತ ವಿಲಕ್ಷಣ ಕೂಸು ಉರುವೆತಾ ಅವರ 1962ರ ‘ಎಲ್ ಬರೋನ್ ದೆಲ್ ತೆರೋರ್’. 1661ರಲ್ಲಿ ಧರ್ಮವಿಚಾರಣೆಯವರು ಸುಟ್ಟ ಬ್ಯಾರನ್ 1961ರಲ್ಲಿ ಧೂಮಕೇತುವಿನೊಡನೆ ಇಳಿದು, ತನ್ನನ್ನು ಸುಟ್ಟವರ ವಂಶಸ್ಥರ ಮೆದುಳನ್ನು ಹೀರುತ್ತಾನೆ. ಇಷ್ಟೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಒಂದು ದೃಶ್ಯವನ್ನು ನೋಡಿದವರು ಮರೆತಿಲ್ಲ. ಮನೆ ತುಂಬ ಅತಿಥಿಗಳು. ಬ್ಯಾರನ್ ವಿನಯದಿಂದ ಒಂದು ನಿಮಿಷ ಬಿಡುವು ಕೇಳುತ್ತಾನೆ, ಬೀಗ ತೆಗೆಯುತ್ತಾನೆ, ಒಳಗಿನ ಬಟ್ಟಲಿನಿಂದ ಚಮಚದಲ್ಲಿ ಮೆದುಳಿನ ತುತ್ತೊಂದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ಆಮೇಲೆ ಏನೂ ಆಗದವನಂತೆ ಹೊರಗೆ ಬರುತ್ತಾನೆ. ಧೂಮಕೇತು ರಟ್ಟಿನದು, ಹಿನ್ನೆಲೆ ಬರೀ ಛಾಯಾಚಿತ್ರ, ರಾಕ್ಷಸನ ಮುಖವಾಡ ರಬ್ಬರಿನದು. ಆದರೂ ಆ ಚಮಚ ನಿಜ. ಅಬೆಲ್ ಸಲಸಾರ್ ಆ ಪಾತ್ರವನ್ನು ನಟಿಸಿದ್ದಲ್ಲದೆ ಚಿತ್ರದ ನಿರ್ಮಾಪಕರೂ ಆಗಿದ್ದರು. ‘ಎಲ್ ವಂಪೀರೊ’ಗೆ ಹಣ ಹೂಡಿದವರೂ ಅವರೇ. ತಾವೇ ದುಡ್ಡು ಹಾಕಿ ತಾವೇ ಬಣ್ಣ ಹಚ್ಚಿಕೊಂಡು, ಕೈಗೆಟುಕಿದ ರಟ್ಟಿನಲ್ಲೇ ಲೋಕ ಕಟ್ಟಿದ ಇಂಥವರಿಗೆ ನಾಟಕ ಕಂಪನಿಗಳ ನೆನಪುಳ್ಳ ಕನ್ನಡಿಗರು ಸುಲಭವಾಗಿ ಕೈಮುಗಿದಾರು.

ಅಷ್ಟರಲ್ಲಿ ಬೆಳ್ಳಿ ಮುಖವಾಡದ ಎಲ್ ಸಾಂತೊ ಅಖಾಡದಿಂದ ಪರದೆಗೆ ಹಾರಿಯಾಗಿತ್ತು. ತುಲಾನ್ಸಿಂಗೊದ ರೊದೊಲ್ಫೊ ಗುಸ್ಮಾನ್ ವೆರ್ತಾ ಎಂಬ ಕುಸ್ತಿಪಟು ಐವತ್ತರಷ್ಟು ಚಿತ್ರಗಳಲ್ಲಿ ರಕ್ತಪಿಶಾಚಿಯರನ್ನೂ ಮಮ್ಮಿಗಳನ್ನೂ ಹುಚ್ಚು ವೈದ್ಯರನ್ನೂ ಕೆಡವಿದರು. ಲಾಭವೇನು? ಬಡವರ ಮಕ್ಕಳಿಗೆ ಸೋಲದ ಒಬ್ಬ ಅಣ್ಣ ಸಿಕ್ಕ. ನಷ್ಟವೇನು? ನಾಯಕ ಸೋಲುವುದೇ ಇಲ್ಲ ಎಂದಾದ ಮೇಲೆ ಭಯಕ್ಕೆ ಕೆಲಸವಿಲ್ಲ. ರಾಕ್ಷಸ ಕುಸ್ತಿಯ ಎದುರಾಳಿಯಷ್ಟೇ ಆದ. ಕಾರ್ಮಿಕ ಸಂಘಗಳ ಜಗಳವೂ ಚಿತ್ರಗಳ ಮೈಕಟ್ಟನ್ನು ಬದಲಿಸಿತು: ಕಿರುಚಿತ್ರಕ್ಕೆ ಮಾತ್ರ ಅಧಿಕಾರವಿದ್ದ ಸಂಘದವರು ಕಂತುಗಳಲ್ಲಿ ತೆಗೆದು, ಅವನ್ನೇ ಹೊಲಿದು ಪೂರ್ಣ ಚಿತ್ರವೆಂದು ಬಿಡುಗಡೆ ಮಾಡುತ್ತಿದ್ದರು. ರೊಬ್ಲೆಸ್ ಅವರ ನೊಸ್ತ್ರದಾಮುಸ್ ಸರಣಿಯ ನಾಲ್ಕು ಚಿತ್ರಗಳು ಹೀಗೆ ಹುಟ್ಟಿದವು. ಇವೆಲ್ಲ ಗಡಿ ದಾಟಿದ್ದು ಕೆ. ಗಾರ್ಡನ್ ಮರ್ರೇ ಎಂಬ ಅಮೆರಿಕನ್ ವ್ಯಾಪಾರಿಯ ಮೂಲಕ. ಫ್ಲಾರಿಡಾದಲ್ಲಿ ಇಂಗ್ಲಿಷ್ ಮಾತು ತುಂಬಿಸಿದ ಪ್ರತಿಗಳು ಟಿವಿಯ ತಡರಾತ್ರಿಗೆ ಮಾರಾಟವಾದವು. ಜಗತ್ತು ಇವನ್ನು ಕಂಡಿತು, ಕಂಡು ನಕ್ಕಿತು. ತುಟಿಗೆ ಹೊಂದದ ಆ ಮಾತೇ ಎಷ್ಟೋ ವರ್ಷ ಈ ಚಿತ್ರಗಳ ಗುರುತಾಗಿ ಉಳಿದದ್ದು ಒಂದು ಅನ್ಯಾಯ.

1968 ಎಲ್ಲಕ್ಕೂ ತಿರುವು. ಆ ವರ್ಷ ಹಾಲಿವುಡ್ಡಿನ ಭಯಚಿತ್ರಗಳ ನಟ ಬೋರಿಸ್ ಕಾರ್ಲಾಫ್ ನಾಲ್ಕು ಮೆಕ್ಸಿಕನ್ ಚಿತ್ರಗಳಿಗೆ ಒಪ್ಪಿಕೊಂಡಿದ್ದರು. ಶ್ವಾಸಕೋಶ ಸೋತಿತ್ತು, ಆಮ್ಲಜನಕ ಪಕ್ಕದಲ್ಲೇ ಬೇಕಿತ್ತು. ಮೆಕ್ಸಿಕೋಗೆ ಹೋಗಲಾಗದೆ ಅವರ ಭಾಗವನ್ನು ಲಾಸ್ ಏಂಜಲೀಸಿನಲ್ಲಿ ತೆಗೆದರು. 1969ರ ಫೆಬ್ರುವರಿಯಲ್ಲಿ ಕಾರ್ಲಾಫ್ ತೀರಿಕೊಂಡರು. ಆ ನಡುವೆ, ಅಕ್ಟೋಬರ್ 2ರ ಸಂಜೆ, ತ್ಲತೆಲೋಲ್ಕೊ ಚೌಕದಲ್ಲಿ ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದರು. ಪವಾಡದ ಮುಖವಾಡ ಕಳಚಿದ ಆ ಸಂಜೆಯ ನಂತರ ರಬ್ಬರಿನ ರಾಕ್ಷಸರಿಗೆ ಯಾರು ಬೆದರುತ್ತಾರೆ? ರೆನೆ ಕಾರ್ದೊನಾ ಅವರ 1969ರ ‘ಲಾ ಹೊರ್ರಿಪಿಲಾಂತೆ ಬೆಸ್ತಿಯಾ ಉಮಾನಾ’ದಲ್ಲಿ ತಂದೆಯೊಬ್ಬ ಮಗನ ಎದೆಗೆ ಗೊರಿಲ್ಲಾದ ಹೃದಯ ಜೋಡಿಸುತ್ತಾನೆ, ನಡುವೆ ನಿಜವಾದ ಹೃದಯ ಶಸ್ತ್ರಕ್ರಿಯೆಯ ತುಣುಕುಗಳನ್ನೇ ಅಂಟಿಸಿದರು. ನೆರಳು ಮಾಡುತ್ತಿದ್ದ ಕೆಲಸವನ್ನು ರಕ್ತಕ್ಕೆ ವಹಿಸಿದ್ದು ಸೋಲಿನ ಒಪ್ಪಿಗೆ. ಕಾರ್ಲೊಸ್ ಎನ್ರಿಕೆ ತಬೊವಾದಾ ಮಾತ್ರ ‘ಗಾಳಿಗೂ ಭಯವಿದೆ’ ಎಂಬರ್ಥದ ಹೆಸರಿನ ತಮ್ಮ 1968ರ ಚಿತ್ರದಿಂದ ಮೊದಲುಗೊಂಡು ಹೆಣ್ಣುಮಕ್ಕಳ ಶಾಲೆ, ಒಂಟಿ ಮನೆ, ಮಕ್ಕಳ ಪಿಸುಮಾತುಗಳಲ್ಲಿ ಭಯವನ್ನು ಕಾಪಾಡಿದರು. ಆದರೆ ಅಲ್ಲಿ ವಿಜ್ಞಾನಿ ಇರಲಿಲ್ಲ. ಅವನ ಭರವಸೆಯನ್ನು ನಂಬುವವರು ಇರಲಿಲ್ಲವಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸಿನಿಮಾಕ್ಕೆ ಸಾಲ ಕೊಡುತ್ತಿದ್ದ ಸರ್ಕಾರಿ ಬ್ಯಾಂಕು ಮುಚ್ಚಿತು. 1982ರ ಮಾರ್ಚ್ 24ರಂದು ಚುರುಬುಸ್ಕೊ ಸ್ಟುಡಿಯೋದ ಆವರಣದಲ್ಲಿದ್ದ ರಾಷ್ಟ್ರೀಯ ಸಿನಿಮಾ ಭಂಡಾರ ಹೊತ್ತಿ ಉರಿಯಿತು. ಜೀವಗಳು ಹೋದವು, ಸಾವಿರಾರು ಪ್ರತಿಗಳು ಬೂದಿಯಾದವು. ಆಗ ಅಲ್ಲಿ ಪ್ರದರ್ಶನವಾಗುತ್ತಿದ್ದ ಚಿತ್ರ ಪೋಲೆಂಡಿನ ಆಂದ್ರೆ ವಾಯ್ದಾ ಅವರ ‘ವಾಗ್ದಾನದ ನಾಡು’. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. 1984ರ ಫೆಬ್ರುವರಿ 5ರಂದು ಸಾಂತೊ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಟಿವಿಯಲ್ಲಿ ಮುಖವಾಡವನ್ನು ತುಸು ಸರಿಸಿ ಮುಖ ತೋರಿಸಿದ್ದರು. ಮಣ್ಣಿಗೆ ಹೋಗುವಾಗ ಮುಖವಾಡ ಮತ್ತೆ ಅದರ ಜಾಗದಲ್ಲಿತ್ತು.

ಆಮೇಲಿನದು ನಮ್ಮ ಕಣ್ಣೆದುರಿನದೇ. ಗ್ವಾದಲಹಾರದ ಹುಡುಗ ಗಿಯೆರ್ಮೊ ದೆಲ್ ತೊರೊ ‘ಕ್ರೋನೊಸ್’ನಲ್ಲಿ ರಸವಾದಿಯೊಬ್ಬನ ಚಿನ್ನದ ಯಂತ್ರವನ್ನು ಹಳೆ ಸಾಮಾನಿನ ಅಂಗಡಿಯ ತಾತನ ಕೈಗೆ ಕೊಟ್ಟರು, ಅಲ್ಲಿ ರಕ್ತದಾಹಕ್ಕಿಂತ ಮೊಮ್ಮಗಳ ಪ್ರೀತಿ ದೊಡ್ಡದು. 2018ರಲ್ಲಿ ಅವರ ‘ದಿ ಶೇಪ್ ಆಫ್ ವಾಟರ್’ ಶ್ರೇಷ್ಠ ಚಿತ್ರದ ಆಸ್ಕರ್ ಗೆದ್ದಿತು. 2025ರಲ್ಲಿ ಫ್ರಾಂಕೆನ್‌ಸ್ಟೈನನೇ ಅವರ ಕೈಗೆ ಬಂದ. ರಾಕ್ಷಸನನ್ನು ಕರುಣೆಯಿಂದ ನೋಡುವ ಆ ಕಣ್ಣು ಸಂಸಾರಸ್ಥ ಹುಚ್ಚು ವೈದ್ಯರ ನಾಡಿನಿಂದ ಬಂದದ್ದು ಆಕಸ್ಮಿಕವಲ್ಲ. ಮೆಂದೆಸ್ ಅವರ ಚಿತ್ರಗಳಿಗೂ ಈಗ ಮರ್ಯಾದೆಯ ಆಸನ ಸಿಕ್ಕಿದೆ. ಶುದ್ಧಗೊಂಡ ಪ್ರತಿಗಳಲ್ಲಿ ಆ ನೆರಳುಗಳ ಆಳ ಮತ್ತೆ ಕಾಣುತ್ತಿದೆ. ಇದು ಜಮೆ. ಖರ್ಚಿನ ಪುಟದಲ್ಲಿ ಬರೆಯಬೇಕಾದದ್ದೂ ಇದೆ. ‘ದಿ ಶೇಪ್ ಆಫ್ ವಾಟರ್’ ಚಿತ್ರೀಕರಣವಾದದ್ದು ಚುರುಬುಸ್ಕೊದಲ್ಲಲ್ಲ, ಕೆನಡಾದಲ್ಲಿ. ಅದರ ಮಾತು ಇಂಗ್ಲಿಷಿನದು. ವಾರಗಳಲ್ಲಿ ಚಿತ್ರ ಮುಗಿಸಿ, ಒಂದೇ ಸೆಟ್ಟನ್ನು ಮೂರು ಕಥೆಗೆ ತಿರುಗಿಸುತ್ತಿದ್ದ ಬಡಗಿಗಳು, ದೀಪದವರು, ಬಣ್ಣದವರ ಆ ದಿನಗೂಲಿ ಲೋಕ ತಿರುಗಿ ಬಂದಿಲ್ಲ.

‘ಮಿಸ್ತೇರಿಯೊಸ್ ದೆ ಉಲ್ತ್ರಾತುಂಬಾ’ದ ಕೊನೆಗೆ ವೈದ್ಯ ಮಸಾಲಿ ಸಾವಿನಾಚೆಯಿಂದ ಮರಳುತ್ತಾನೆ. ಆದರೆ ನೇಣಿಗೇರಿದ ಅವನ ದೇಹ ಇನ್ನಿಲ್ಲ. ಆಮ್ಲದಿಂದ ಸುಟ್ಟ ಮುಖದ ಪರಿಚಾರಕನೊಬ್ಬನ ಮೈಯಲ್ಲಿ, ಅವನ ಗೋರಿಯ ಮಣ್ಣು ಸರಿಸಿ ಏಳುತ್ತಾನೆ. ಎದ್ದವನು ಪಿಟೀಲು ಎತ್ತಿಕೊಂಡು ನುಡಿಸುತ್ತಾನೆ. ಮುಖ ಅವನದಲ್ಲ, ಬೆರಳೂ ಅವನದಲ್ಲ. ನಾದ ಮಾತ್ರ ಕೇಳುತ್ತದೆ.