ಉರುವಲಿಗೆ ಕೊಟ್ಟ ಹಣ ರೊಟ್ಟಿಗೆ ಹೋದರೆ ತಪ್ಪೇ?

ಸಂತ್ರಸ್ತರ ಕೈಗೆ ನೇರವಾಗಿ ಹಣ ಕೊಟ್ಟರೆ ಅದು ದುಂದಾಗುತ್ತದೆ, ಸ್ಥಳೀಯ ಮಾರುಕಟ್ಟೆಯಲ್ಲಿ ಬೆಲೆಗಳು ಏರುತ್ತವೆ ಎಂಬ ಆತಂಕ ನೆರವು ಸಂಸ್ಥೆಗಳಲ್ಲಿ ಬಹುಕಾಲದಿಂದ ಇದೆ. ಅದನ್ನು ಒರೆಗೆ ಹಚ್ಚಿದ್ದು ಲೆಬನಾನ್‌ನ ಒಂದು ಚಳಿಗಾಲ.

2013ರ ನವೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹಾಗೂ ಅದರ ಸಹಭಾಗಿಗಳು ಸಿರಿಯಾ ನಿರಾಶ್ರಿತರಿಗೆ ಎಟಿಎಂ ಕಾರ್ಡ್ ಮೂಲಕ ಹಣ ವಿತರಿಸಿದವು. ಕುಟುಂಬಕ್ಕೆ ಒಟ್ಟು 575 ಡಾಲರ್. ಚಳಿಯಿಂದ ರಕ್ಷಣೆಯೇ ಉದ್ದೇಶವಾಗಿದ್ದರಿಂದ 500 ಮೀಟರ್‌ಗಿಂತ ಎತ್ತರದ ಪ್ರದೇಶಗಳಲ್ಲಿ ನೆಲೆಸಿದ್ದವರನ್ನು ಆಯ್ದುಕೊಳ್ಳಲಾಯಿತು. ಈ ಗೆರೆ ಸಂಶೋಧಕರಿಗೆ ವರವಾಯಿತು. ಗೆರೆಯ ತುಸು ಮೇಲಿದ್ದು ಹಣ ಪಡೆದವರನ್ನು ತುಸು ಕೆಳಗಿದ್ದು ಪಡೆಯದವರೊಂದಿಗೆ ಹೋಲಿಸಿ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ 2014ರಲ್ಲಿ ವರದಿ ಪ್ರಕಟಿಸಿತು.

ಬೆಲೆಗಳು ಗಮನಾರ್ಹವಾಗಿ ಏರಿರಲಿಲ್ಲ. ದುಶ್ಚಟಗಳಿಗೆ ಹಣ ಹರಿದ ಸುಳಿವೂ ಇರಲಿಲ್ಲ. ಬಾಲಕಾರ್ಮಿಕರ ಪ್ರಮಾಣ ತಗ್ಗಿತ್ತು. ನಿರಾಶ್ರಿತರು ಖರ್ಚು ಮಾಡಿದ ಪ್ರತಿ ಡಾಲರ್ ಲೆಬನಾನ್ ಆರ್ಥಿಕತೆಗೆ 2.13 ಡಾಲರ್ ಸೇರಿಸಿತೆಂದು ಅಂದಾಜಿಸಲಾಯಿತು. ಆದರೆ ಹೆಚ್ಚಿನ ಹಣ ಹೋದದ್ದು ಉರುವಲಿಗಲ್ಲ, ಆಹಾರ ಮತ್ತು ನೀರಿಗೆ. ಸುಮಾರು ಅರ್ಧದಷ್ಟು ಕುಟುಂಬಗಳು, ಮನೆ ಬೆಚ್ಚಗಿಡಲು ತಮ್ಮಲ್ಲಿದ್ದುದು ಸಾಲದೆಂದೇ ಹೇಳಿದವು.

ಕಾರ್ಯಕ್ರಮ ಗುರಿ ತಪ್ಪಿತೆಂದು ಇದನ್ನು ಓದುವವರಿದ್ದಾರೆ. ಆ ಓದು ಸರಿಯಲ್ಲ. ಹಸಿದ ಮಕ್ಕಳನ್ನು ಎದುರಿಗಿಟ್ಟುಕೊಂಡ ತಾಯಿ ಸೀಮೆಎಣ್ಣೆಗಿಂತ ಮೊದಲು ರೊಟ್ಟಿ ಕೊಂಡರೆ ತಪ್ಪಿದ್ದು ಆಕೆಯ ಲೆಕ್ಕವಲ್ಲ, ಮೊತ್ತವನ್ನು ನಿಗದಿಪಡಿಸಿದವರ ಲೆಕ್ಕ. ಕಂಬಳಿ, ಸೀಮೆಎಣ್ಣೆಯನ್ನೇ ಹಂಚಿದ್ದರೆ ಆ ಹಸಿವು ಯಾವ ವರದಿಯಲ್ಲೂ ಕಾಣುತ್ತಿರಲಿಲ್ಲ. ಬಹುಶಃ ಕಂಬಳಿಗಳೇ ಮಾರಾಟವಾಗುತ್ತಿದ್ದವು.

ನಗದಿನ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. 2019ರ ಅಂತ್ಯದಿಂದ ಲೆಬನಾನ್‌ನ ಲಿರಾ ಕುಸಿಯಿತು. ದಾನಿ ರಾಷ್ಟ್ರಗಳು ಕಳುಹಿಸಿದ ಡಾಲರನ್ನು ಬ್ಯಾಂಕುಗಳು ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ ದರದಲ್ಲಿ ಲಿರಾಕ್ಕೆ ಬದಲಿಸಿದವು. ನೆರವಿನ ದೊಡ್ಡ ಪಾಲು ಕಾರ್ಡ್ ತಲುಪುವ ಮುನ್ನವೇ ಕರಗಿತು. ಮೂಟೆ ಅಕ್ಕಿ ಕಳವಾದರೆ ಗೋದಾಮಿನಲ್ಲಿ ಜಾಗ ಖಾಲಿ ಕಾಣುತ್ತದೆ. ವಿನಿಮಯ ದರದಲ್ಲಿ ಕಳೆದುಹೋದದ್ದು ಲೆಕ್ಕಪತ್ರದಲ್ಲಿ ಅಚ್ಚುಕಟ್ಟಾಗಿಯೇ ಕೂರುತ್ತದೆ.

ಡಾಲರ್‌ನಲ್ಲೂ ಪಾವತಿಸುವ ವ್ಯವಸ್ಥೆಯನ್ನು ವಿಶ್ವಸಂಸ್ಥೆ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ಲೆಬನಾನ್ ಸರ್ಕಾರ ಆಕ್ಷೇಪಿಸಿದ್ದರಿಂದ ಅದೇ ತಿಂಗಳು ಅದನ್ನು ತಡೆಹಿಡಿಯಬೇಕಾಯಿತು. ಆಕ್ಷೇಪಕ್ಕೆ ರಾಜಕೀಯ ಕಾರಣಗಳಿದ್ದವು, ನಿಜ. ಆದರೆ ಬೆಲೆಯಿಲ್ಲದ ಲಿರಾದಲ್ಲಿ ಸಂಬಳ ಪಡೆಯುತ್ತಿದ್ದ ಸ್ಥಳೀಯ ಬಡವನಿಗೆ ನಿರಾಶ್ರಿತನ ಕೈಯ ಡಾಲರ್ ಹೇಗೆ ಕಂಡಿರಬಹುದೆಂಬುದನ್ನು ಯೋಜನೆ ರೂಪಿಸಿದವರು ಮೊದಲೇ ಎಣಿಸಬೇಕಿತ್ತು.