ಐನ್‌ಸ್ಟೈನ್ ಆಕ್ಷೇಪ ಅಚ್ಚಾಯಿತು, ಬೋಸ್ ಉತ್ತರ ಅಚ್ಚಾಗಲಿಲ್ಲ: ‘ನೇಚರ್’ ಹೊಸ ನಿಯಮ ಏಕೆ ಮುಖ್ಯ?

ಸಂಶೋಧನಾ ಪ್ರಬಂಧವೊಂದು ಪ್ರಕಟವಾಗುವ ಮುನ್ನ ಅದೇ ವಿಷಯದ ತಜ್ಞರು ಅದನ್ನು ಓದಿ ಲೋಪಗಳನ್ನು ಎತ್ತಿ ತೋರಿಸುತ್ತಾರೆ. ಲೇಖಕರು ಅದಕ್ಕೆ ಉತ್ತರ ಕೊಡುತ್ತಾರೆ. ‘ಪೀರ್ ರಿವ್ಯೂ’ ಎಂದು ಕರೆಯುವ ಈ ಮಾತುಕತೆ ಸಾಮಾನ್ಯವಾಗಿ ಸಂಪಾದಕರ ಕಡತದಲ್ಲೇ ಉಳಿದುಬಿಡುತ್ತದೆ.

ಬ್ರಿಟನ್‌ನ ‘ನೇಚರ್’ ಪತ್ರಿಕೆ 2025ರ ಜೂನ್‌ನಲ್ಲಿ ಈ ಪದ್ಧತಿ ಬದಲಿಸಿತು. ಹೊಸದಾಗಿ ಸಲ್ಲಿಕೆಯಾಗಿ ಪ್ರಕಟವಾಗುವ ಎಲ್ಲ ಸಂಶೋಧನಾ ಪ್ರಬಂಧಗಳ ಜೊತೆ ಪರಿಶೀಲಕರ ವರದಿ ಮತ್ತು ಲೇಖಕರ ಉತ್ತರ ಎರಡನ್ನೂ ಪ್ರಕಟಿಸುವುದಾಗಿ ಘೋಷಿಸಿತು. 2020ರಿಂದ ಇದು ಲೇಖಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಪರಿಶೀಲಕರು ತಾವಾಗಿ ಬಯಸಿದರೆ ಮಾತ್ರ ಅವರ ಹೆಸರು ಹೊರಬರುತ್ತದೆ.

ಎರಡೂ ಕಡೆಯ ಮಾತು ಅಚ್ಚಾಗುವುದು ಏಕೆ ಮುಖ್ಯ ಎಂಬುದಕ್ಕೆ ಕೋಲ್ಕತ್ತಾದ ವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರ ಅನುಭವವೇ ಸಾಕ್ಷಿ.

1924ರಲ್ಲಿ ನಡೆದಿದ್ದೇನು?

ಆಗ ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಬೋಸ್, ತಮ್ಮ ಪ್ರಬಂಧವನ್ನು ಆಲ್ಬರ್ಟ್ ಐನ್‌ಸ್ಟೈನ್‌ಗೆ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ಜರ್ಮನ್‌ಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿ ಸೇರಿಸಿ ಪ್ರಕಟಿಸಿದರು. ‘ಬೋಸ್-ಐನ್‌ಸ್ಟೈನ್ ಸಂಖ್ಯಾಶಾಸ್ತ್ರ’ ಹುಟ್ಟಿದ್ದು ಹೀಗೆ. ಈ ಕಥೆ ಎಲ್ಲರಿಗೂ ಗೊತ್ತು.

ಅದೇ ವರ್ಷ ಬೋಸ್ ಅವರ ಎರಡನೇ ಪ್ರಬಂಧವನ್ನೂ ಐನ್‌ಸ್ಟೈನ್ ಅನುವಾದಿಸಿದರು. ಆದರೆ ಈ ಬಾರಿ ಕೊನೆಯಲ್ಲಿದ್ದುದು ಮೆಚ್ಚುಗೆಯಲ್ಲ, ಆಕ್ಷೇಪ. ಐನ್‌ಸ್ಟೈನ್ ಇಲ್ಲಿ ಅಧಿಕೃತ ಪರಿಶೀಲಕರಲ್ಲದಿದ್ದರೂ ಮಾಡಿದ್ದು ಅದೇ ಕೆಲಸ. ಬೋಸ್ ಬಹಳ ಯೋಚಿಸಿ ಉತ್ತರ ಬರೆದರು. 1925ರ ಜನವರಿಯಲ್ಲಿ ಪ್ಯಾರಿಸ್‌ನಿಂದ ಐನ್‌ಸ್ಟೈನ್‌ಗೆ ಪತ್ರ ಬರೆದು ಆ ವಿಷಯ ತಿಳಿಸಿದರು. ಆದರೆ ಆ ಉತ್ತರ ಪ್ರಬಂಧವಾಗಿ ಪ್ರಕಟವಾಗಲೇ ಇಲ್ಲ. ಓದುಗರಿಗೆ ಸಿಕ್ಕಿದ್ದು ಒಂದೇ ಕಡೆಯ ವಾದ.

ಐನ್‌ಸ್ಟೈನ್ ತಾವೇ ಲೇಖಕರಾದಾಗ

1936ರಲ್ಲಿ ಐನ್‌ಸ್ಟೈನ್ ಅವರು ನೇಥನ್ ರೋಸೆನ್ ಜೊತೆ ಬರೆದ ಪ್ರಬಂಧವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆ ಅನಾಮಧೇಯ ಪರಿಶೀಲಕರಿಗೆ ಕಳುಹಿಸಿತು. ತಮ್ಮನ್ನು ಕೇಳದೆ ಬೇರೆಯವರಿಗೆ ತೋರಿಸಿದ್ದಕ್ಕೆ ಸಿಟ್ಟಾದ ಐನ್‌ಸ್ಟೈನ್ ಪ್ರಬಂಧವನ್ನೇ ವಾಪಸ್ ಪಡೆದರು. ಆದರೆ ಗುರುತ್ವ ಅಲೆಗಳೇ ಇಲ್ಲ ಎಂಬ ಅವರ ವಾದದಲ್ಲಿ ದೋಷವಿದೆ ಎಂದಿದ್ದ ಪರಿಶೀಲಕರ ಮಾತೇ ಸರಿಯಾಗಿತ್ತು. ತೀರ್ಮಾನ ಬದಲಿಸಿಕೊಂಡ ಪ್ರಬಂಧ ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಬಂತು. ಆ ಪರಿಶೀಲಕ ಹೋವರ್ಡ್ ರಾಬರ್ಟ್‌ಸನ್ ಎಂಬುದು ಜಗತ್ತಿಗೆ ತಿಳಿದಿದ್ದು 2005ರಲ್ಲಿ.

ಹೆಸರು ಗುಟ್ಟಾಗಿದ್ದರೆ ಪರಿಶೀಲಕರು ದೊಡ್ಡವರ ತಪ್ಪನ್ನೂ ನಿರ್ಭಯವಾಗಿ ಹೇಳಬಲ್ಲರು ಎಂಬುದಕ್ಕೆ ಇದು ಉದಾಹರಣೆ. ಹೆಸರು ಮುಚ್ಚಿಟ್ಟು ಮಾತು ತೆರೆದಿಡುವ ‘ನೇಚರ್’ ಕ್ರಮಕ್ಕೆ ಅರ್ಥವಿರುವುದು ಇಲ್ಲೇ.

ಉಳಿದಿರುವ ಕೊರತೆ

ಹೊಸ ನಿಯಮ ಅನ್ವಯವಾಗುವುದು ಪ್ರಕಟವಾದ ಪ್ರಬಂಧಗಳಿಗೆ ಮಾತ್ರ. ತಿರಸ್ಕೃತ ಪ್ರಬಂಧಗಳ ಕಡತ ಮುಚ್ಚಿಯೇ ಇರುತ್ತದೆ. ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸ್ 1901ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ಸಸ್ಯಗಳ ಪ್ರತಿಕ್ರಿಯೆ ಕುರಿತು ಪ್ರಬಂಧ ಮಂಡಿಸಿದಾಗ ಶರೀರವಿಜ್ಞಾನಿ ಬರ್ಡನ್-ಸ್ಯಾಂಡರ್ಸನ್ ವಿರೋಧಿಸಿದರು. ಸೊಸೈಟಿ ಅದನ್ನು ಪ್ರಕಟಿಸಲಿಲ್ಲ. ಇಂದು ಹಾಗೆ ತಡೆಹಿಡಿದರೆ ಕಾರಣ ತಿಳಿಯಲು ಈ ನಿಯಮ ನೆರವಾಗದು.

ಭಾರತಕ್ಕೂ ಇದು ದೂರದ ಸುದ್ದಿಯಲ್ಲ. ಯುಜಿಸಿ 2025ರ ಫೆಬ್ರವರಿಯಲ್ಲಿ ‘ಕೇರ್’ ಜರ್ನಲ್ ಪಟ್ಟಿ ನಿಲ್ಲಿಸಿದ ಮೇಲೆ, ಯಾವ ಜರ್ನಲ್ ನಂಬಬಹುದು ಎಂದು ನಿರ್ಧರಿಸುವ ಹೊಣೆ ವಿಶ್ವವಿದ್ಯಾಲಯಗಳ ಮೇಲೆಯೇ ಬಿದ್ದಿದೆ. ದುಡ್ಡು ಕಟ್ಟಿದರೆ ಸಾಕು, ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳೂ ‘ಪೀರ್ ರಿವ್ಯೂ ಆಗಿದೆ’ ಎಂದೇ ಹೇಳಿಕೊಳ್ಳುತ್ತವೆ. ಪರಿಶೀಲಕರು ಏನು ಕೇಳಿದರು, ಲೇಖಕರು ಏನು ಉತ್ತರಿಸಿದರು ಎಂಬುದನ್ನು ತೋರಿಸಿ ಎಂದು ಕೇಳಿದರೆ ಆ ಮಾತಿನ ನಿಜ ಬಯಲಾಗುತ್ತದೆ. ಕೋಲ್ಕತ್ತಾ ಇರಲಿ, ಧಾರವಾಡ ಇರಲಿ, ಪಿಎಚ್‌ಡಿ ವಿದ್ಯಾರ್ಥಿಗೆ ಅದಕ್ಕಿಂತ ಸುಲಭದ ಪರೀಕ್ಷೆ ಮತ್ತೊಂದಿಲ್ಲ.